ಕಡೆಯ ಗಿರಾಕಿ ಬಾಯಿ ಮುಕ್ಕಳಿಸಿದ ಸದ್ದು

ನಮ್ಮೂರಿಗೆ ಬರುವ ದಾರಿಯನ್ನು ಕೇಳಿದರೆ ಹೇಳಬಲ್ಲೆ, ಆದರೆ ನೀವು ಬಂದು ಮುಟ್ಟುವುದು ಕಷ್ಟ. ಎರಡು ಬೇವಿನ ಮರ ದಾಟಿದ ಮೇಲೆ ರಸ್ತೆ ಒಂದು ಕಡೆ ಹೊರಳುತ್ತದೆ. ಆ ಹೊರಳಿನಲ್ಲಿ ಬೇರೆ ಊರಿನವರೆಲ್ಲ ತಮ್ಮ ತಮ್ಮ ಊರಿಗೇ ಹೋಗಿಬಿಡುತ್ತಾರೆ. ಹೋಗಲಿ. ಊರು ಅಲ್ಲಿದೆ, ನಾನು ಅಲ್ಲಿಯವನು, ಹೆಸರು ಫಕ್ಕೀರಪ್ಪ. ಊರ ಬದಿಗೆ ಒಬ್ಬ ಅಜ್ಜನ ಗದ್ದಿಗೆ ಇದೆ. ದಿನವೂ ಅಲ್ಲಿ ಕಸ ಹೊಡೆದು, ನೀರು ಚಿಮುಕಿಸಿ, ದೀಪ ಹಚ್ಚುವುದು ನನ್ನ ಕೆಲಸ. ಇಷ್ಟು ಗೊತ್ತಿದ್ದರೆ ಸಾಕು.

ನಮ್ಮಲ್ಲಿ ಸದ್ದನ್ನು ಕಡ ಕೊಡುವ ರೂಢಿಯಿದೆ. ಬೇರೆ ಊರುಗಳಲ್ಲಿ ಹೆಪ್ಪಿಗೆಂದು ಒಂದು ಸೌಟು ಮಜ್ಜಿಗೆ ಕೇಳುತ್ತಾರಲ್ಲ, ಹಾಗೆ. ಹೆಂಗಸರು ಸೆರಗಿನ ತುದಿಯಲ್ಲಿ, ಗಂಡಸರು ಟವೆಲಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಒಯ್ಯುತ್ತಾರೆ. ಒಯ್ದು ಬಿಚ್ಚಿದ ಜಾಗದಲ್ಲಿ ಅದು ದಿನವೂ ತನ್ನ ಹೊತ್ತಿಗೆ ಆಗುತ್ತಿರುತ್ತದೆ, ಮತ್ತೆ ಯಾರಾದರೂ ಗಂಟು ಕಟ್ಟುವ ತನಕ. ಕೊಟ್ಟವರ ಮನೆಯಲ್ಲಿ ಅಷ್ಟು ದಿನ ಆ ಸದ್ದು ಇರುವುದಿಲ್ಲ. ಒಂದು ಸದ್ದು ಏಕಕಾಲಕ್ಕೆ ಎರಡು ಕಡೆ ಇರಲಾರದು. ಕೂಸಿನ ನಿದ್ದೆ ಕೆಡುತ್ತದೆಂದು ಬಾಣಂತಿ ಮನೆಯವರು ಒರಳಿನ ಸದ್ದನ್ನು ಒಯ್ದು ಓಣಿಯ ಕಿವುಡ ಮುದುಕನ ಪಡಸಾಲೆಯಲ್ಲಿ ಬಿಟ್ಟು ಬರುವುದುಂಟು. ಹೆಣ್ಣು ನೋಡಲು ಬರುವವರಿದ್ದರೆ ಎಮ್ಮೆ ಇದ್ದವರಿಂದ ಎಮ್ಮೆಯ ಕೂಗು ತಂದು ಹಿತ್ತಲಲ್ಲಿ ಬಿಚ್ಚುತ್ತಾರೆ. ಬೀಗರಾಗುವವರು ಚಹಾ ಕುಡಿಯುತ್ತ ಕೂಗು ಕೇಳಿ ತಲೆಯಾಡಿಸುತ್ತಾರೆ. ಹೋದ ವರ್ಷ ತಮ್ಮ ಮಗಳ ಸಲುವಾಗಿ ಅವರೂ ಅದೇ ಕೂಗನ್ನು ಒಯ್ದಿರುತ್ತಾರೆ. ಆ ಎಮ್ಮೆ ಅಷ್ಟು ದಿನ ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಅದಕ್ಕೆ ಬೇಸರವಾದದ್ದನ್ನು ಯಾರೂ ಕಂಡಿಲ್ಲ.

ಮನುಷ್ಯರು ಆಡುವುದನ್ನೂ ಹೀಗೆ ಕೊಡಬಹುದು. ಕೊಟ್ಟಷ್ಟು ಮಾತು ತಿರುಗಿ ಬರುವ ತನಕ ಆ ಬಾಯಿಂದ ಹೊರಡುವುದಿಲ್ಲ, ಉಳಿದದ್ದೆಲ್ಲ ಹೊರಡುತ್ತದೆ. ಕೊಟ್ಟವರು ತೀರಿಕೊಂಡರೆ ಮಾತ್ರ, ಮಣ್ಣಿಗಿಡುವ ಮುಂಚೆ ಅವರ ಸದ್ದನ್ನು ತಂದು ಅವರೆದುರು ಬಿಚ್ಚಬೇಕು. ಬಿಚ್ಚಿದ ಮೇಲೆ ಅದು ಅವರ ಸಂಗಡ ಹೋಗುತ್ತದೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಯೂ ಇಲ್ಲ.

ನನ್ನ ಅಕ್ಕ ಗುರುಬಸವ್ವ ಖಾನಾವಳಿ ನಡೆಸುತ್ತಿದ್ದಳು. ಮುಂದೆ ಗಿರಾಕಿಗಳು ಸಾಲಾಗಿ ಕೂರುವ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಒಂದು ಗೋಡೆ. ಗೋಡೆಯಲ್ಲಿ ತಟ್ಟೆ ಹಿಡಿಸುವಷ್ಟು ಒಂದು ಕಿಂಡಿ. ಗಿರಾಕಿಗಳು ಕಿಂಡಿಗೆ ತಟ್ಟೆ ಚಾಚುತ್ತಿದ್ದರು, ಅಕ್ಕ ಒಲೆಯ ಮುಂದಿನಿಂದ ಏಳದೆ ರೊಟ್ಟಿ, ಪಲ್ಯ, ಬೇಳೆ ಹಾಕಿ ಕೊಡುತ್ತಿದ್ದಳು. ಅವಳು ಗಿರಾಕಿಗಳ ಕೈ ನೋಡಿದವಳು, ದನಿ ಕೇಳಿದವಳು. ಮುಖ ನೋಡುವ ಪ್ರಸಂಗ ಬಂದಿರಲಿಲ್ಲ. ನಾವು ಮನೆಯವರು ಹಿತ್ತಲ ಬಾಗಿಲಿಂದ ಬಂದು ಅಡುಗೆಮನೆಯಲ್ಲೇ ಉಣ್ಣುತ್ತಿದ್ದೆವು. ಮನೆಯವರು ಗಿರಾಕಿಗಳ ಸಾಲಿನಲ್ಲಿ ಕೂತರೆ ಖಾನಾವಳಿ ಮುಳುಗುತ್ತದೆ ಎಂದು ಅಕ್ಕನ ನಂಬಿಕೆ. ನಮ್ಮ ಭಾವ ಬದುಕಿದ್ದಾಗಲೂ ಒಂದು ದಿನ ಅಲ್ಲಿ ಕೂರಲಿಲ್ಲ.

ಒಲೆ ಹೂಡಿದ ದಿನ ಅಕ್ಕ ಗದ್ದಿಗೆಗೆ ಬಂದು ಅಜ್ಜನ ಎದುರು ಒಂದು ಮಾತು ಇಟ್ಟಿದ್ದಳು. ಕಡೆಯ ಗಿರಾಕಿ ಉಂಡು ಏಳುವ ತನಕ ತಾನು ತುತ್ತು ಮುಟ್ಟುವುದಿಲ್ಲ ಎಂದು. ಆಗ ನಾನು ಕಸ ಹೊಡೆಯುತ್ತಿದ್ದೆ, ನನ್ನ ಕಿವಿಗೂ ಬಿತ್ತು. ಇಷ್ಟು ವರ್ಷ ಹಾಗೇ ನಡೆಯಿತು.

ಅಕ್ಕನ ಮರೆವು ಉಪ್ಪಿನಿಂದ ಶುರುವಾಯಿತು. ಒಂದು ದಿನ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಮರುದಿನ ಬೀಳಲೇ ಇಲ್ಲ. ಗಿರಾಕಿಗಳು ಕೆಲವು ದಿನ ಮರ್ಯಾದೆಗೆ ಉಂಡರು, ಆಮೇಲೆ ಮರ್ಯಾದೆಯಿಂದಲೇ ಬರುವುದು ಬಿಟ್ಟರು. ನಾನು ಮುಂಬಾಗಿಲು ಮುಚ್ಚಿದೆ. ನಂತರ ಅಕ್ಕನಿಗೆ ವಾರಗಳ ಹೆಸರು ಹೋದವು, ಓಣಿಯ ಹೆಸರು ಹೋಯಿತು, ಭಾವ ತೀರಿಕೊಂಡದ್ದೂ ಹೋಯಿತು. ನನ್ನನ್ನು ನೋಡಿ ಒಮ್ಮೊಮ್ಮೆ ಫಕ್ಕೀರಾ ಅನ್ನುತ್ತಿದ್ದಳು. ಬಹಳ ಸಲ ಕಟ್ಟಿಗೆ ತರುವವನೆಂದು ತಿಳಿದು, "ಹಸೀ ಕಟಗಿ ತರಬ್ಯಾಡಪಾ, ಹೊಗಿ ಆಗ್ತೈತಿ" ಅನ್ನುತ್ತಿದ್ದಳು. ನಾನು ಆಗಲವ್ವ ಅನ್ನುತ್ತಿದ್ದೆ.

ಅಜ್ಜನ ಎದುರು ಇಟ್ಟ ಮಾತು ಮಾತ್ರ ಹೋಗಲಿಲ್ಲ. ತಟ್ಟೆ ಮುಂದಿಟ್ಟರೆ ದೂಡುತ್ತಿದ್ದಳು. "ಮಂದಿ ಉಂಡಿಲ್ಲ ಇನ್ನ."

"ಎಲ್ಲಾರೂ ಉಂಡ್ರಕ್ಕ," ಎಂದೆ ಒಂದು ದಿನ. "ನಾನೂ ಉಂಡೆ. ಹೊಟ್ಟಿ ತುಂಬಿತು."

"ನೀ ಮನಿಯಾಂವ. ನಿಂದು ಲೆಕ್ಕಕ್ಕ ಹಿಡ್ಯೂದಿಲ್ಲ."

ಹಟ ಮಾಡಿದರೆ ಒಂದೆರಡು ಗುಟುಕು ಗಂಜಿ ಒಳಗೆ ಹೋಗುತ್ತಿತ್ತು. ಮುಂಗೈಯಲ್ಲಿದ್ದ ಬಳೆ ಮೊಣಕೈ ದಾಟಿ ಮೇಲೇರತೊಡಗಿತು. ಗದ್ದಿಗೆಯ ಮುಂದೆ ಕೂತು, ಯಪ್ಪಾ, ಅಕೀ ಇಟ್ಟ ಮಾತಿನಿಂದ ಅಕೀನ್ನ ಬಿಡಸು ಎಂದು ಕೇಳಿಕೊಂಡೆ. ಮಣ್ಣಿನ ಒಳಗಿರುವವನಿಗೆ ಅವಸರವಿಲ್ಲ. ಅಕ್ಕನಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಸುದ್ದಿ ಓಣಿಗೆ ಹಬ್ಬಿತು. ನಮ್ಮೂರಲ್ಲಿ ಯಾರಿಗಾದರೂ ಕಷ್ಟ ಬಂದರೆ ಜನ ಮೊದಲು ಸದ್ದು ತಂದು ಕೊಡುತ್ತಾರೆ, ಆಮೇಲೆ ಏನಾಗಿದೆ ಎಂದು ಕೇಳುತ್ತಾರೆ. ಮಠದವರು ಪೂಜೆಯ ಗಂಟೆಯ ಸದ್ದು ಕಳಿಸಿದರು. ಮಾಸ್ತರರ ಮನೆಯವರು ಹಾರ್ಮೋನಿಯಂ ಕೊಟ್ಟರು. ಒಬ್ಬರು ತಮ್ಮ ಗಿಳಿಯ ಶಿವಶಿವವನ್ನೇ ಗಂಟು ಕಟ್ಟಿ ಕೊಟ್ಟರು. ಎಲ್ಲವೂ ಮನಸ್ಸಿಗೆ ಸಮಾಧಾನ ಕೊಡುವ ಸದ್ದುಗಳೇ. ನಾನು ಒಂದೊಂದಾಗಿ ಬಿಚ್ಚಿದೆ.

ಗಂಟೆ ಕೇಳಿ ಅಕ್ಕ ಹುಬ್ಬು ಗಂಟಿಕ್ಕಿದಳು. "ಅದನ್ನ ನಿಂದ್ರಸು. ಉಣ್ಣು ಮಂದಿಗೆ ದೇವರ ನೆನಪಾದ್ರ ಸಾವಕಾಶ ಉಣ್ತಾರ." ಹಾರ್ಮೋನಿಯಂ ಕೇಳಿ, "ಯಾರ ಮನ್ಯಾಗೋ ಮದವಿ. ಎಲ್ಲಾರೂ ಅಲ್ಲೇ ಉಂಡ ಬರ್ತಾರ, ಇವತ್ತ ಒಲಿ ಹಚ್ಚೂದ ಬ್ಯಾಡ" ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಗಿಳಿಗೆ ಏನೂ ಅನ್ನಲಿಲ್ಲ. ಗಿಳಿ ಕೊಟ್ಟವರು ಬೇಸರ ಮಾಡಿಕೊಂಡರು.

ಪಕ್ಕದ ಮನೆಯ ಪಾರವ್ವ ಇದನ್ನೆಲ್ಲ ಹಿತ್ತಲ ಗೋಡೆಯ ಮೇಲಿಂದ ನೋಡುತ್ತಿದ್ದಳು. "ಖಾನಾವಳಿ ಮಾಡಿದಾಕಿಗೆ ಹಾರ್ಮೋನಿಯಂ ಯಾಕ ಬೇಕೋ ಯಣ್ಣಾ? ಒಲಿ ಮುಂದಿನ ಸದ್ದು ಕೊಡು. ನಂದ ಒಯ್ಯಿ" ಎಂದು ತನ್ನ ರೊಟ್ಟಿ ಬಡಿಯುವ ಸದ್ದು, ಒಗ್ಗರಣೆಯ ಚಟಪಟ, ಬೆಳ್ಳುಳ್ಳಿ ಜಜ್ಜುವ ಸದ್ದು, ಮೂರನ್ನೂ ಸೆರಗಿನಿಂದ ಬಿಚ್ಚಿ ನನ್ನ ಟವೆಲಿಗೆ ಕಟ್ಟಿದಳು.

ಅವನ್ನು ಅಡುಗೆಮನೆಯಲ್ಲಿ ಬಿಚ್ಚಿದ ಕೂಡಲೇ ಅಕ್ಕ ಎದ್ದಳು. ಎಷ್ಟೋ ತಿಂಗಳ ಮೇಲೆ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಬೆಂಕಿಯಿಲ್ಲದ ಒಲೆಯ ಮುಂದೆ ಕೂತು ಹಿಟ್ಟಿಲ್ಲದ ಪರಾತದಲ್ಲಿ ಕೈಯಾಡಿಸಿದಳು. ಪಟಪಟ ಪಟಪಟ ಎಂದು ಪಾರವ್ವನ ಕೈಯ ಸದ್ದು, ಅದಕ್ಕೆ ತಾಳ ಹಿಡಿದಂತೆ ಅಕ್ಕನ ಅಂಗೈ. ಕಿಂಡಿಯ ಕಡೆ ಕೈ ಚಾಚಿ, "ತಗೋರಿ, ಬಿಸೀದ ಐತಿ" ಅನ್ನುತ್ತಿದ್ದಳು. ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡರು. ನಾನು ಗದ್ದಿಗೆಗೆ ಹೋಗಿ ಜೋಡು ದೀಪ ಹಚ್ಚಿದೆ.

ಹಚ್ಚಬಾರದಿತ್ತು. ಪಾರವ್ವನ ಕೈ ಕೂಡು ಕುಟುಂಬದ ಕೈ. ಅವಳು ರೊಟ್ಟಿಗೆ ಕೂತರೆ ಬೇಗ ಏಳುವವಳಲ್ಲ. ಅಕ್ಕನೂ ಏಳುತ್ತಿರಲಿಲ್ಲ. ಮುಂಜಾನೆಯಿಂದ ಇಳಿಹೊತ್ತಿನ ತನಕ ಬಡಿದಳು, ಜಜ್ಜಿದಳು, ಕಿಂಡಿಗೆ ಕೊಟ್ಟಳು. ತಾನು ಮುಟ್ಟಲಿಲ್ಲ. ಮೊದಲು ಕೂತು ಸೊರಗುತ್ತಿದ್ದವಳು ಈಗ ದುಡಿದು ಸೊರಗತೊಡಗಿದಳು. ಅತ್ತ ಪಾರವ್ವನ ಮನೆಯಲ್ಲೂ ತೊಂದರೆ. ಅವಳ ಗಂಡ ನಿಂಗಪ್ಪ ರೊಟ್ಟಿ ಬಡಿಯುವ ಸದ್ದು ಕೇಳಿ ಕೈಕಾಲು ತೊಳೆಯಲು ಏಳುವ ಮನುಷ್ಯ. ಸದ್ದಿಲ್ಲದ್ದರಿಂದ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದ. ಒಳಗೆ ರೊಟ್ಟಿ ಆರುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಕೈ ಸೋತು ಗೋಡೆಗೆ ಒರಗಿದಳು. ನಾನು ತಟ್ಟೆ ಹಿಡಿದು ಪಕ್ಕದಲ್ಲಿ ಕೂತೆ. "ಎಲ್ಲಾ ಬಡಿಸಿ ಆತಲ್ಲಕ್ಕ. ಉಣ್ಣು."

"ಚನ್ನವೀರಪ್ಪ ಬಂದಿಲ್ಲೋ," ಎಂದಳು. "ಹ್ಯಾಂಗ ಉಣ್ಲಿ?"

ಚನ್ನವೀರಪ್ಪ ನಮ್ಮೂರ ಪೇಟೆಯಲ್ಲಿ ತೂಕ ಮಾಡುತ್ತಿದ್ದವನು. ಕಡೆಯ ಚೀಲ ತಕ್ಕಡಿಯಿಂದ ಇಳಿಯುವ ತನಕ ಅವನಿಗೆ ಬಿಡುವಿಲ್ಲ. ಆದ್ದರಿಂದ ಎಲ್ಲರೂ ಉಂಡು ಹೋದ ಮೇಲೆ ಬರುತ್ತಿದ್ದ, ಬಂದು ಒಬ್ಬನೇ ಉಣ್ಣುತ್ತಿದ್ದ. ಉಂಡಾದ ಮೇಲೆ ಹೊರಗಿನ ಕಲ್ಲಿನ ಮೇಲೆ ನಿಂತು, ಒಂದು ತಂಬಿಗೆ ನೀರು ಪೂರ್ತಿ ಖಾಲಿಯಾಗುವ ಹಾಗೆ ಬಾಯಿ ಮುಕ್ಕಳಿಸುತ್ತಿದ್ದ. ಆಮೇಲೆ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಅದಕ್ಕೆ ಎದುರು ಮನೆಯ ಪಾರಿವಾಳಗಳು ಏಳುತ್ತಿದ್ದವು. ಓಣಿಯವರಿಗೆ ಅದು ಸೇರುತ್ತಿರಲಿಲ್ಲ. ಕಡೆಗೆ ಗೋಡೆಯ ಆಚೆಯಿಂದಲೇ ಅಕ್ಕನಿಗೆ ಒಂದು ಮಾತು ಹೇಳಿ ಹೋಗುತ್ತಿದ್ದ. ಅದನ್ನು ಕೇಳಿದ ಮೇಲೆ ಅಕ್ಕ ತನ್ನ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದಳು.

ನಾವು ಅಕ್ಕನಿಗೆ ಬರೀ ಕೆಲಸ ಹಚ್ಚುವ ಸದ್ದುಗಳನ್ನೇ ತಂದುಕೊಟ್ಟಿದ್ದೆವು. ಕೆಲಸ ಮುಗಿಯಿತು ಅನ್ನುವ ಸದ್ದನ್ನು ತಂದಿರಲಿಲ್ಲ. ಅದು ಯಾರ ಹತ್ತಿರ ಇದೆ ಎಂದು ಅಕ್ಕನೇ ಹೇಳಿದಳು.

ಚನ್ನವೀರಪ್ಪನ ಮನೆ ಪೇಟೆಯ ಆಚೆ ತುದಿಗೆ. ನಾನು ಹೋದಾಗ ಅವನು ಪಡಸಾಲೆಯ ಮಂಚದ ಮೇಲೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ. ದೊಡ್ಡ ಭುಜದ ಮನುಷ್ಯ, ಈಗ ಅಂಗಿಯೊಳಗೆ ಕಟ್ಟಿಗೆ ನಿಲ್ಲಿಸಿದ ಹಾಗೆ ಆಗಿದ್ದ.

"ಅಕ್ಕನ ಖಾನಾವಳಿ ನೆನಪೈತೇನ್ರಿ?" ಎಂದೆ.

"ನಾ ಮರ್ತ್ರೂ ಹೊಟ್ಟಿ ಮರೀಬೇಕಲ್ಲೋ. ಆ ಹಿಂಡೀಪಲ್ಯ. ಯಾಕ, ಮತ್ತ ಚಾಲೂ ಮಾಡ್ಯಾಳೇನು?"

"ಬಂದ್ ಮಾಡಿಲ್ರಿ ಅಕೀ. ನೀವು ಉಂಡಿಲ್ಲಂತ ಇನ್ನೂ ಕಾಯಾಕತ್ತಾಳ."

ಚನ್ನವೀರಪ್ಪ ಎಣ್ಣೆಯ ಬಟ್ಟಲು ಕೆಳಗಿಟ್ಟ. "ಅಕೀ ಮಾರಿ ನಾ ನೋಡಿಲ್ಲೋ ಫಕ್ಕೀರಪ್ಪ. ಒಂದ್ ದಿನಾನೂ."

"ಅಕೀನೂ ನಿಮ್ಮ ಮಾರಿ ನೋಡಿಲ್ರಿ."

"ಹಂಗಾದ್ರ ಛಲೋ ಆತು. ಈಗಿನ ಮಾರಿ ತೋರಸೂ ಹಂಗಿಲ್ಲ. ಗಾಡಿ ಹೂಡಸು, ಹೊತ್ತಾತು."

ಬಂಡಿಯಲ್ಲಿ ಕೂರಿಸಿಕೊಂಡು ಬಂದೆ. ಮುಂಬಾಗಿಲು ತೆಗೆದು, ಧೂಳು ಹೊಡೆದು, ಸಾಲಿನ ಕಡೆಯ ಜಾಗದಲ್ಲಿ ಅವನನ್ನು ಕೂರಿಸಿದೆ. ಪಾರವ್ವ ಮಾಡಿಕೊಟ್ಟ ರೊಟ್ಟಿ ಅಕ್ಕನ ಮಗ್ಗುಲಲ್ಲಿತ್ತು. ಅವನು ಕಿಂಡಿಗೆ ತಟ್ಟೆ ಚಾಚಿದ. ಅಕ್ಕ ಆ ಕೈಯನ್ನು ಒಂದು ಗಳಿಗೆ ನೋಡಿ, ಯಾವತ್ತಿನ ಹಾಗೆ ಬಡಿಸಿದಳು. ಅವನು ಅರ್ಧ ರೊಟ್ಟಿ ತಿಂದ. ಅಷ್ಟೇ ಅವನಿಗೆ ಸಲ್ಲುತ್ತಿತ್ತು. ನಾನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕಲ್ಲಿನ ಮೇಲೆ ನಿಲ್ಲಿಸಿದೆ. ತಂಬಿಗೆ ಎತ್ತಿದ. ಗುಳುಗುಳುಗುಳು ಎಂದು ಮುಕ್ಕಳಿಸಿದ. ಮೈ ಇಳಿದರೂ ಗಂಟಲು ಇಳಿದಿರಲಿಲ್ಲ. ಪಾರಿವಾಳಗಳು ಎದ್ದವು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದ.

"ಹೊಟ್ಟಿ ತುಂಬಿತವಾ. ಇನ್ನ ನೀ ಉಣ್ಣು."

ಒಳಗೆ ತಟ್ಟೆಯ ಸದ್ದಾಯಿತು. ನಾನು ಹಿತ್ತಲ ಕಡೆಯಿಂದ ಓಡಿ ಬಂದು ನೋಡಿದರೆ ಅಕ್ಕ ಎರಡನೆಯ ರೊಟ್ಟಿ ಮುರಿಯುತ್ತಿದ್ದಳು. ನನ್ನನ್ನು ನೋಡಿ, "ಕಟಗಿ ಅಲ್ಲೇ ಇಳಸಪಾ, ಉಂಡ ಏಳ್ತೀನಿ" ಎಂದಳು. ನಾನು ಹಿತ್ತಲಲ್ಲಿ ಕೂತು ಸ್ವಲ್ಪ ಹೊತ್ತು ಇಲ್ಲದ ಕಟ್ಟಿಗೆ ಇಳಿಸಿದೆ.

ಚನ್ನವೀರಪ್ಪ ಬಂಡಿ ಹತ್ತುವಾಗ ಕೈ ಚಾಚಿದ. "ದಿನಾ ಬರಾಕ ಈ ಮೊಣಕಾಲು ಒಪ್ಪೂದಿಲ್ಲ. ಕೊಡಿಲ್ಲೆ ನಿನ್ನ ಟವೆಲ್." ಮುಕ್ಕಳಿಸಿದ್ದು, ಗಂಟಲು ಸರಿ ಮಾಡಿದ್ದು, ಆ ಮಾತು, ಮೂರನ್ನೂ ಒಂದೇ ಗಂಟಿನಲ್ಲಿ ಬಿಗಿದು ಕೊಟ್ಟ. ನಾನು ಅದನ್ನು ಹೊರಗಿನ ಕಲ್ಲಿನ ಮೇಲೆ ಬಿಚ್ಚಿದೆ.

ಆಮೇಲೆ ನಾನೂ ಪಾರವ್ವನೂ ಕೂತು ಅಕ್ಕನ ದಿನವನ್ನು ಹದಕ್ಕೆ ತಂದೆವು. ಮುಂಜಾನೆ ಹಂಡೆಗೆ ನೀರು ಸುರಿಯುವ ಸದ್ದು, ಅದು ಏಳಲಿಕ್ಕೆ. ನಂತರ ಪಾರವ್ವನ ರೊಟ್ಟಿ, ಬಿಸಿಲು ಹೊಸ್ತಿಲು ಮುಟ್ಟುವ ತನಕ ಮಾತ್ರ. ಮುಟ್ಟಿದ ಕೂಡಲೇ ಅವಳು ಗಂಟು ಕಟ್ಟಿ ಮನೆಗೆ ಒಯ್ಯುತ್ತಿದ್ದಳು, ನಿಂಗಪ್ಪ ಎದ್ದು ಕೈಕಾಲು ತೊಳೆಯುತ್ತಿದ್ದ. ಮಧ್ಯಾಹ್ನ ಚನ್ನವೀರಪ್ಪ. ಅವನ ನಂತರ ತಟ್ಟೆ ಜೋಡಿಸುವ ಸದ್ದು. ಒಮ್ಮೆ ತಟ್ಟೆಯನ್ನು ಅವನಿಗಿಂತ ಮೊದಲು ಇಟ್ಟು ನೋಡಿದೆವು. ಅಕ್ಕ ಉಣ್ಣುವುದು ಬಿಟ್ಟು ಬೂದಿ ತೆಗೆದುಕೊಂಡು ತೊಳೆಯಲು ಹೋದಳು. ಮತ್ತೆ ಹಿಂದೆ ಇಟ್ಟೆವು. ಮಠದ ಗಂಟೆಯನ್ನು ಮಠಕ್ಕೆ, ಗಿಳಿಯನ್ನು ಗಿಳಿಗೆ ಮುಟ್ಟಿಸಿದೆವು. ಬಳೆ ನಿಧಾನಕ್ಕೆ ಮುಂಗೈಗೆ ಇಳಿಯಿತು.

ಚನ್ನವೀರಪ್ಪನ ಸೊಸೆ ಕಲ್ಯಾಣೆವ್ವ ಒಂದು ದಿನ ಸೆರಗು ಬಿಗಿದುಕೊಂಡು ಬಂದಳು. "ನಮ್ಮ ಮಾವಾರಿಗೆ ಏನ್ ಮಾಡೀರಿ ನೀವು? ಉಣ್ಣಾಕ ಕೂತ್ರ ಹೊಟ್ಟಿ ತುಂಬಿತಂತ ಅನ್ನೂದಿಲ್ಲ."

"ಕೈ ಅಡ್ಡ ಹಿಡೀತಿರಬೇಕಲ್ಲವಾ?"

"ಹಿಡೀತಾರ. ಸಂಕೋಚಂತ ನಾ ಹಾಕ್ತೀನಿ. ಹಿರ್ಯಾರು ಹೊಟ್ಟಿ ತುಂಬಿತು ಅನ್ನೂತನ ಬಡಸೂದ ಬಿಡಬ್ಯಾಡಂತ ನಮ್ಮವ್ವ ಹೇಳಿ ಕಳಸ್ಯಾಳ. ಹಾಕಿದ್ದ ಬಿಡಬಾರದಂತ ಅವ್ರಿಗೆ ಅವ್ರವ್ವ ಹೇಳಿರಬೇಕು. ಅಂಗಿ ಎರಡ ಸಲ ಬಿಚ್ಚಿ ಹೊಲಿಸೀನ್ರಿ."

ನಾನು ವಿಷಯ ತಿಳಿಸಿ, ಬೇಕಾದರೆ ಈಗಲೇ ಕಟ್ಟಿಕೊಡುತ್ತೇನೆ ಎಂದೆ. ಅಷ್ಟರಲ್ಲಿ ಹೊತ್ತಾಗಿ ಕಲ್ಲಿನ ಮೇಲೆ ಅವಳ ಮಾವ ಮುಕ್ಕಳಿಸಿದ, ಗಂಟಲು ಸರಿ ಮಾಡಿಕೊಂಡ, ಹೊಟ್ಟಿ ತುಂಬಿತವಾ ಎಂದ. ಕಲ್ಯಾಣೆವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಒಳಗೆ ಅಕ್ಕ ಉಣ್ಣಲು ಕೂತದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅವಳು ಪೂರ್ತಿ ಉಣ್ಣುವ ತನಕ ಕಲ್ಯಾಣೆವ್ವ ಅಲ್ಲೇ ನಿಂತಳು.

"ಇರ್ಲಿ ಬಿಡ್ರಿ," ಎಂದಳು. "ತಟ್ಟಿ ಸಣ್ಣದ ತರ್ತೀನಿ."

ಸಂತೆಯಲ್ಲಿ ಕೂಸುಗಳು ಉಣ್ಣುವಂಥ ಒಂದು ಹಿತ್ತಾಳೆ ತಟ್ಟೆ ಕೊಂಡಳಂತೆ. ಚನ್ನವೀರಪ್ಪ ಅದರಲ್ಲೇ ಉಣ್ಣತೊಡಗಿದ. ಹೀಗೆ ಎರಡೂ ಮನೆಗೆ ಅನುಕೂಲವಾಗಿ ಎರಡು ಮಳೆಗಾಲ ಕಳೆದವು.

ಒಂದು ಮುಂಜಾನೆ ನಾನು ಗದ್ದಿಗೆಯ ಮುಂದೆ ನೀರು ಚಿಮುಕಿಸುತ್ತಿದ್ದಾಗ ಪೇಟೆಯಿಂದ ಸುದ್ದಿ ಬಂತು. ಚನ್ನವೀರಪ್ಪ ಮಲಗಿದವನು ಎದ್ದಿರಲಿಲ್ಲ. ಇಳಿಹೊತ್ತಿಗೆ ಮಣ್ಣು.

ನಾನು ಬಿಂದಿಗೆ ಕೆಳಗಿಟ್ಟು ಕೂತೆ. ಸುದ್ದಿ ತಂದವನು ಸದ್ದಿನ ಮಾತೆತ್ತಿರಲಿಲ್ಲ. ಕಲ್ಯಾಣೆವ್ವ ಕೇಳಿ ಕಳಿಸಿರಲಿಲ್ಲ. ಕೇಳುವವಳೂ ಅಲ್ಲ ಎಂದು ನನಗೆ ಗೊತ್ತಿತ್ತು. ಒಯ್ಯದಿದ್ದರೆ ಅಕ್ಕ ಇವತ್ತು ಉಣ್ಣುತ್ತಾಳೆ, ನಾಳೆಯೂ ಉಣ್ಣುತ್ತಾಳೆ. ಒಯ್ದರೆ ಬಳೆ ಮತ್ತೆ ಮೇಲೇರುತ್ತದೆ, ಈ ಸಲ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಅಜ್ಜನ ಕಡೆ ನೋಡಿದೆ. ದೀಪ ಸುಮ್ಮನೆ ಉರಿಯುತ್ತಿತ್ತು. ಎರಡು ಮಳೆಗಾಲ ಆ ಮನುಷ್ಯ ದಿನವೂ ಉಂಡು, ಹೊಟ್ಟೆ ತುಂಬಿತು ಎಂದು ಹೇಳಲಾಗದೆ ಎದ್ದಿದ್ದ. ಮಣ್ಣಿಗೆ ಹೋಗುವಾಗಲೂ ಹಾಗೇ ಹೋಗಬೇಕೇ. ಎಣ್ಣೆ ಹಾಕಿ, ಬತ್ತಿ ಏರಿಸಿ ಎದ್ದೆ.

ಕಲ್ಲಿನ ಮೇಲಿನ ಸದ್ದನ್ನು ಟವೆಲಿಗೆ ಕಟ್ಟಿದೆ. ಅಕ್ಕನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ, ಕೈ ಹಿಡಿದು ಕರೆದುಕೊಂಡು ಹೋದೆ. ಎಲ್ಲಿಗೆ ಎಂದಳು. ಪೇಟೆಗೆ ಎಂದೆ. ಹಾಗಾದರೆ ಬೆಳ್ಳುಳ್ಳಿ ತರಬೇಕು ಎಂದಳು.

ಚನ್ನವೀರಪ್ಪನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಎಲ್ಲರೂ ಉಂಡು ಎದ್ದ ಮೇಲೆ ಒಬ್ಬನೇ ಕೂತ ಹಾಗೆ ಕಾಣುತ್ತಿದ್ದ. ಅಕ್ಕನನ್ನು ಒಳಗೆ ಹೆಂಗಸರ ನಡುವೆ ಕೂರಿಸಿದರು. ಅವಳಿಗೂ ಅವನಿಗೂ ನಡುವೆ ಒಂದು ಗೋಡೆಯಿತ್ತು. ಪೇಟೆಯ ಹೊಸ ತೂಕದವನು ಬಂದು, ಚನ್ನವೀರಪ್ಪ ಕೊಟ್ಟಿದ್ದ ಹಳೆಯ ತಕ್ಕಡಿಯ ಸರಪಳಿ ಸದ್ದನ್ನು ಬಿಚ್ಚಿ ಕೈಮುಗಿದ. ಆಮೇಲೆ ನಾನು ಹೋಗಿ ಎದುರು ಕೂತು ಗಂಟಿಗೆ ಕೈ ಹಾಕಿದೆ. ಬಿಗಿಯಾಗಿ ಕಟ್ಟಿದ್ದೆ, ಬಿಚ್ಚಲು ಹೊತ್ತು ಹಿಡಿಯಿತು.

ಅವನು ಬಾಯಿ ಮುಕ್ಕಳಿಸಿದ. ಗಂಟಲು ಸರಿ ಮಾಡಿಕೊಂಡ. ಅಂಗಳದಲ್ಲಿದ್ದವರು ಟೋಪಿ ತೆಗೆದರು.

"ಹೊಟ್ಟಿ ತುಂಬಿತವಾ. ಇನ್ನ ನೀ ಉಣ್ಣು."

ಒಳಗಿಂದ ಅಕ್ಕನ ದನಿ ಕೇಳಿತು. "ಹ್ಞೂಂ. ಒಂದ ತಟ್ಟಿ ಕೊಡ್ರಿ ಹಂಗಾದ್ರ."

"ಏ ಯವ್ವಾ, ಹೆಣ ಎದ್ದಿಲ್ಲ ಇನ್ನ," ಎಂದಳು ಒಬ್ಬ ಮುದುಕಿ. "ಒಲಿ ಹಚ್ಚೂ ಹಂಗಿಲ್ಲ ಮನ್ಯಾಗ."

ಕಲ್ಯಾಣೆವ್ವ ಅಳುತ್ತಿದ್ದವಳು ಎದ್ದಳು. "ಮಾವಾರ ಉಣ್ಣಂತ ಹೇಳ್ಯಾರ. ಇನ್ಯಾರನ್ನ ಕೇಳೂದೈತಿ?" ಬುಟ್ಟಿಯಲ್ಲಿದ್ದ ಹಿಂದಿನ ದಿನದ ಕಟಿರೊಟ್ಟಿ, ಶೇಂಗಾಪುಡಿ ತೆಗೆದು, ಆ ಹಿತ್ತಾಳೆ ತಟ್ಟೆಯಲ್ಲಿ ಹಾಕಿ ಕೊಟ್ಟಳು. ಅಷ್ಟು ಹೆಂಗಸರ ನಡುವೆ ಅಕ್ಕ ಒಬ್ಬಳೇ ಉಂಡಳು. ಕಟಿರೊಟ್ಟಿ ಮುರಿಯುವ ಸದ್ದು ಹೊರಗೆ ನಮಗೆಲ್ಲ ಕೇಳುತ್ತಿತ್ತು. ಉಂಡಾದ ಮೇಲೆ, "ಇವತ್ತ ಚನ್ನವೀರಪ್ಪ ಲಗೂ ಉಂಡ" ಎಂದಳು.

ಮರುದಿನ ಅವಳು ಉಣ್ಣಲಿಲ್ಲ. ಅದರ ಮರುದಿನ ಪಾರವ್ವ ತನ್ನ ಗಂಡನನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ನಿಂಗಪ್ಪ ಉಂಡ, ಮುಕ್ಕಳಿಸಿದ, ಹೊಟ್ಟೆ ತುಂಬಿತೆಂದ. ಕಿಂಡಿಯಿಂದ ಅಕ್ಕ, "ಚನ್ನವೀರಪ್ಪ ಎಲ್ಲೆ?" ಎಂದು ಕೇಳಿದಳು. ನಿಂಗಪ್ಪ ಸುಳ್ಳು ಹೇಳದ ಮನುಷ್ಯ. "ತೀರಿಕೊಂಡನಲ್ಲವಾ" ಎಂದ. ಅಕ್ಕ ಆಗಷ್ಟೇ ಕೇಳಿದವಳ ಹಾಗೆ ಅತ್ತಳು. ಅತ್ತು ಮುಗಿಸಿ, ಕಣ್ಣೊರೆಸಿ, ಮರೆತು, ಮತ್ತೆ ಅವನ ಹಾದಿ ಕಾಯುತ್ತ ಕೂತಳು. ಆ ದಿನವೂ ಕೆಟ್ಟಿತು.

ಮೂರನೆಯ ಮಧ್ಯಾಹ್ನ ನಾನು ಹಿತ್ತಲಲ್ಲಿ ನಿಂತಿದ್ದೆ. ರೊಟ್ಟಿಯ ಸದ್ದು ನಿಂತಿತ್ತು. ಅಕ್ಕ ಕೈ ಕಟ್ಟಿಕೊಂಡು ಕಿಂಡಿಯ ಕಡೆ ನೋಡುತ್ತಿದ್ದಳು. ಆ ಸಾಲಿನಲ್ಲಿ ಹುಟ್ಟಿದಂದಿನಿಂದ ಕೂರದವನು ನಾನೊಬ್ಬ ಉಳಿದಿದ್ದೆ. ಕೂತರೆ ಖಾನಾವಳಿ ಮುಳುಗುತ್ತದೆ ಎಂಬ ಹೆದರಿಕೆ. ಖಾನಾವಳಿ ಮುಳುಗಿ ವರ್ಷಗಳಾಗಿದ್ದವು.

ಓಣಿ ಸುತ್ತಿ ಮುಂಬಾಗಿಲಿಗೆ ಬಂದೆ. ಚಪ್ಪಲಿ ಹೊರಗೆ ಬಿಟ್ಟು ಕಡೆಯ ಜಾಗದಲ್ಲಿ ಕೂತೆ. ಆ ಕಡೆಯಿಂದ ಅಡುಗೆಮನೆ ಬೇರೆ ಯಾರದೋ ಮನೆಯ ಹಾಗೆ ಕೇಳುತ್ತಿತ್ತು. ತಟ್ಟೆ ಚಾಚಿದೆ.

"ಕೈ ಹೊಸದ ಕಾಣಸ್ತೈತಿ," ಎಂದಳು ಅಕ್ಕ.

"ಹೌದ್ರಿ. ಹೊಸಬನ ನಾ."

ರೊಟ್ಟಿ ಬಂತು, ಪಲ್ಯ ಬಂತು. ಗಿರಾಕಿಗೆ ಹಾಕುವಾಗ ಬದಿಗೆ ಒಂದು ಹಸಿ ಉಳ್ಳಾಗಡ್ಡಿ ಇಡುತ್ತಾಳೆ ಎಂದು ನನಗೆ ಅವತ್ತು ಗೊತ್ತಾಯಿತು. ಮನೆಯವರಿಗೆ ಇಡುತ್ತಿರಲಿಲ್ಲ. ಉಂಡೆ. ಕಲ್ಲಿನ ಮೇಲೆ ನಿಂತು ಒಂದು ತಂಬಿಗೆ ಪೂರ್ತಿ ಮುಕ್ಕಳಿಸಿದೆ. ಗಂಟಲು ಸರಿ ಮಾಡಿಕೊಂಡೆ. ಪಾರಿವಾಳಗಳು ಏಳಲಿಲ್ಲ, ಒಂದು ಮಾತ್ರ ತಲೆ ಎತ್ತಿ ನೋಡಿತು.

"ಹೊಟ್ಟಿ ತುಂಬಿತ್ರಿ. ಇನ್ನ ನೀವು ಉಣ್ರಿ." ಅಕ್ಕನಿಗೆ ನೀವು ಎಂದದ್ದು ಅದೇ ಮೊದಲು. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಒಳಗೆ ಬಳೆ ಕಿಂಡಿಗೆ ತಾಗಿದ ಸದ್ದಾಯಿತು.

"ಚನ್ನವೀರಪ್ಪ ಬಂದಿಲ್ಲೇನ್ರಿ?"

"ಅವ್ರು ಉಂಡ ಹೋದ್ರು. ಹೊಟ್ಟಿ ತುಂಬಿತಂತ ಹೇಳಿ ಹೋದ್ರು, ನಾನ ಕೇಳೀನಿ. ಈಗ ಕಡೀಯಾಂವ ನಾನ ರಿ."

"ಹಂಗೇನು," ಎಂದಳು. ತಟ್ಟೆ ಎಳೆದುಕೊಂಡ ಸದ್ದಾಯಿತು. ಮೊದಲ ತುತ್ತು ಮುರಿದದ್ದು ಕೇಳಿತು. ಅಗಿಯುತ್ತಲೇ ಕೇಳಿದಳು. "ನಿಮ್ಮದು ಯಾ ಕಡೆ ಆತ್ರಿ?"

"ಇಲ್ಲೇ. ಗದ್ದಿಗಿ ಕಡೆ."

"ಗದ್ದಿಗ್ಯಾಗ ನನ್ನ ತಮ್ಮ ಅದಾನ. ಫಕ್ಕೀರಪ್ಪಂತ. ಭೆಟ್ಟಿಯಾದ್ರ ಹೇಳ್ರಿ, ಎರಡ ರೊಟ್ಟಿ ಮುಚ್ಚಿಟ್ಟೀನಿ, ಹಿತ್ತಲ ಬಾಗಲಿಂದ ಬಾ ಅಂತ. ಸಂಕೋಚದಾಂವ, ತಾನಾಗಿ ಕೇಳೂದಿಲ್ಲ."

"ಹೇಳ್ತೀನ್ರಿ," ಎಂದೆ.

ನಾಳೆ ನಾನು ಇರುತ್ತೇನೋ ಬಿಡುತ್ತೇನೋ. ಮುಕ್ಕಳಿಸಿದ್ದನ್ನೂ, ಹೊಟ್ಟೆ ತುಂಬಿದ ಮಾತನ್ನೂ, ಚನ್ನವೀರಪ್ಪ ಉಂಡು ಹೋದ ಮಾತನ್ನೂ ಟವೆಲಿಗೆ ಕಟ್ಟಿ, ಅದೇ ಕಲ್ಲಿನ ಮೇಲೆ ಬಿಚ್ಚಿಟ್ಟೆ. ಚಪ್ಪಲಿ ಮೆಟ್ಟಿ ಓಣಿ ಸುತ್ತಿ ಹಿತ್ತಲ ಬಾಗಿಲಿಗೆ ಬಂದೆ.

ಅಕ್ಕ ಕೈ ತೊಳೆಯುತ್ತಿದ್ದಳು. ತಲೆ ಎತ್ತಿ ನೋಡಿದಳು. "ಬಂದ್ಯಾ ಫಕ್ಕೀರಾ? ಹೇಳಿದ್ರೇನು ಅವ್ರು?"

"ಹೇಳಿದ್ರಕ್ಕ."

"ಛಲೋ ಮನಿಷಾ ಕಾಣಸ್ತಾನ. ಕೂಡು."

ಮುಚ್ಚಿಟ್ಟ ಎರಡು ರೊಟ್ಟಿ ತೆಗೆದು ಮುಂದಿಟ್ಟಳು. ಹೊರಗೆ ಉಂಡದ್ದೇ ಗಂಟಲ ತನಕ ಇತ್ತು. ಒಂದು ಮುಗಿಸಿದೆ, ಎರಡನ್ನೂ ಮುಗಿಸಿದೆ. ಅಕ್ಕ ಬುಟ್ಟಿಗೆ ಕೈ ಹಾಕಿದಳು. ಹೊಟ್ಟೆ ತುಂಬಿತು ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಹೊರಗಿನ ಕಲ್ಲಿನ ಮೇಲಿತ್ತು. ಬಾಯಿ ಮುಚ್ಚಿ ಕೈ ಅಡ್ಡ ಹಿಡಿದೆ.

"ಸಂಕೋಚ ಮಾಡಬ್ಯಾಡ," ಎಂದು ಅಕ್ಕ ಇನ್ನೊಂದು ಹಾಕಿದಳು.